ಹಂದಿಮರಿಗೂ ರೋಟಾ, ಮಗುವಿಗೂ ರೋಟಾ: ವೈರಸ್ ಒಂದೇನಾ, ಬೇರೇನಾ?

ಕಾಳಿ_ದಂಡೆ (ಕಾರವಾರ)

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಉತ್ತರ ಕೊಡಿ. ನಮ್ಮದು ಸದಾಶಿವಗಡದ ಕಡೆ. ಮನೆ ಹಿಂದೆ ಹಂದಿಗೂಡು ಇದೆ, ಅಜ್ಜಿಯ ಕಾಲದಿಂದ ಸಾಕುತ್ತಾ ಬಂದಿದ್ದೇವೆ. ಕಳೆದ ತಿಂಗಳು ಮರಿಗಳಿಗೆ ಭೇದಿ ಹತ್ತಿತು, ಹಳದಿ ಬಣ್ಣ, ನೀರು ನೀರು. ಅದೇ ವಾರ ನನ್ನ ಅಕ್ಕನ ಮಗುವಿಗೂ ವಾಂತಿ, ಜ್ವರ, ಆಮೇಲೆ ಭೇದಿ. ಮಗುವಿಗೆ ಇನ್ನೂ ವರ್ಷ ತುಂಬಿಲ್ಲ. ಆಸ್ಪತ್ರೆಯಲ್ಲಿ ಕಾರ್ಡ್ ಟೆಸ್ಟ್ ಮಾಡಿ ರೋಟಾ ಅಂದರು. ಪಶುವೈದ್ಯರು ಮರಿಯ ಮಲವನ್ನೂ ಟೆಸ್ಟ್ ಮಾಡಿಸಿದರು, ಅದೂ ರೋಟಾ. ಮಗು ಈಗ ಹುಷಾರಾಗಿದೆ, ಆಡಿಕೊಂಡಿದೆ. ಆದರೆ ಕೇರಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಹಂದಿಯಿಂದಲೇ ಮಗುವಿಗೆ ಬಂತು ಅಂತ. ಪಂಚಾಯ್ತಿಗೆ ಅರ್ಜಿ ಕೊಟ್ಟು ಗೂಡು ತೆಗೆಸುತ್ತೇವೆ ಅಂತಲೂ ಹೇಳುತ್ತಿದ್ದಾರೆ. ಅಮ್ಮನಿಗೆ ಊಟ ಸೇರುತ್ತಿಲ್ಲ. ಸುಮ್ನೆ ಸಮಾಧಾನ ಹೇಳಬೇಡಿ, ನಿಜ ಏನು ಅಂತ ಹೇಳಿ. ಎರಡು ಕಡೆಯೂ ರೋಟಾ ಅಂದ ಮಾತ್ರಕ್ಕೆ ಎರಡೂ ಒಂದೇ ವೈರಸ್ಸಾ?

ಲ್ಯಾಬ್_ಕುಮಟಾ

ಅಕ್ಕಾ, ಮೊದಲು ಆ ಕಾರ್ಡ್ ಟೆಸ್ಟ್ ವಿಷಯ. ಅದು ಹುಡುಕುವುದು ವಿಪಿ6 ಅನ್ನುವ ಒಂದೇ ಒಂದು ಪ್ರೋಟೀನನ್ನು. ರೋಟಾವೈರಸ್ಸಿಗೆ ಮೂರು ಪದರದ ಚಿಪ್ಪು ಇರುತ್ತದೆ. ತೀರಾ ಒಳಗೆ ವಿಪಿ2, ನಡುವೆ ವಿಪಿ6, ಹೊರಗೆ ವಿಪಿ7, ಆ ಹೊರ ಪದರದಿಂದ ಮೇಲಕ್ಕೆ ಚಾಚಿಕೊಂಡಿರುವ ಮುಳ್ಳುಗಳು ವಿಪಿ4. ನಡುವಿನ ವಿಪಿ6 ಎ ಗುಂಪಿನ ಎಲ್ಲ ರೋಟಾಗಳಲ್ಲೂ ಹೆಚ್ಚು ಕಡಿಮೆ ಒಂದೇ ಥರ. ಹಾಗಾಗಿ ಮಗುವಿನದ್ದಿರಲಿ, ಕರುವಿನದ್ದಿರಲಿ, ಹಂದಿಮರಿಯದ್ದಿರಲಿ, ಕಾರ್ಡಿನ ಮೇಲೆ ಗೆರೆ ಬಂದೇ ಬರುತ್ತದೆ. "ಎ ಗುಂಪಿನ ರೋಟಾ ಇದೆ" ಅಂತ ಮಾತ್ರ ಅದು ಹೇಳುತ್ತದೆ. ಯಾರಿಂದ ಯಾರಿಗೆ ಬಂತು ಅಂತ ಹೇಳುವ ಶಕ್ತಿ ಅದಕ್ಕಿಲ್ಲ.

ಆ ಎರಡು ಕಾರ್ಡ್ ಹಿಡಿದುಕೊಂಡು ಯಾರಾದರೂ ಪಂಚಾಯ್ತಿಗೆ ಹೋದರೆ, ಇದಿಷ್ಟನ್ನು ಅಲ್ಲಿ ಹೇಳಿ.

ಪಶುವೈದ್ಯ_ಹಳಿಯಾಳ

ಮೇಲಿನ ಮಾತು ಸರಿ. ಒಂದು ಸೇರಿಸುತ್ತೇನೆ. ಒಂದರಿಂದ ಆರು ವಾರದ ಹಂದಿಮರಿಗಳಿಗೆ ರೋಟಾ ಬರುವುದು ತೀರಾ ಮಾಮೂಲಿ. ತಾಯಿಯ ಗಿಣ್ಣುಹಾಲಿನಿಂದ ಸಿಕ್ಕ ರಕ್ಷಣೆ ಇಳಿಯುತ್ತಾ ಬರುವ ಹೊತ್ತು ಅದು. ಹಾಲು ಬಿಡಿಸಿದರಂತೂ ಇನ್ನೂ ಜಾಸ್ತಿ. ದೊಡ್ಡ ಹಂದಿಗಳು ಏನೂ ಆಗದೆ ಓಡಾಡಿಕೊಂಡಿದ್ದರೂ ಮಲದಲ್ಲಿ ವೈರಸ್ ಬಿಡುತ್ತಿರಬಹುದು. ನಮ್ಮ ಜಿಲ್ಲೆಯ ಯಾವ ಗೂಡಿನ ಮರಿಗಳನ್ನು ಟೆಸ್ಟ್ ಮಾಡಿದರೂ ಒಂದಲ್ಲ ಒಂದು ಸಲ ರೋಟಾ ಸಿಕ್ಕರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಮಕ್ಕಳ ಕಡೆಯೂ ಅಷ್ಟೇ. ಪ್ರಪಂಚದಲ್ಲಿ ಐದು ವರ್ಷ ತುಂಬುವುದರೊಳಗೆ ಹೆಚ್ಚು ಕಡಿಮೆ ಪ್ರತಿಯೊಂದು ಮಗುವಿಗೂ ಒಮ್ಮೆಯಾದರೂ ರೋಟಾ ತಗುಲಿರುತ್ತದೆ. ಇಷ್ಟು ಸಾಮಾನ್ಯವಾದ ಎರಡು ಸಂಗತಿ ಒಂದೇ ವಾರ ಒಂದೇ ಮನೆಯಲ್ಲಿ ಆದರೆ ಒಂದರಿಂದಲೇ ಇನ್ನೊಂದು ಆಯಿತು ಅಂತ ತೀರ್ಮಾನ ಮಾಡಲಾಗದು.

ಹಬ್ಬುವಾಡ_ನಿವಾಸಿ

ಡಾಕ್ಟ್ರೇ, ನೀವು ಹಂದಿ ಸಾಕುವವರ ಪರವಾಗಿ ಮಾತಾಡುತ್ತಿದ್ದೀರಿ ಅನ್ನಿಸುತ್ತದೆ. ಹಂದಿಯಿಂದ ಮನುಷ್ಯರಿಗೆ ರೋಟಾ ಬರುವುದೇ ಇಲ್ವಾ? ಹೌದು ಅಥವಾ ಇಲ್ಲ ಅಂತ ಹೇಳಿ. ಮನೆ ಪಕ್ಕ ಗೂಡು ಇಟ್ಟುಕೊಂಡವರಿಗಿಂತ ಅದರ ಪಕ್ಕದಲ್ಲಿ ಸಣ್ಣ ಮಗು ಇಟ್ಟುಕೊಂಡವರಿಗೆ ಭಯ ಜಾಸ್ತಿ.

ಲ್ಯಾಬ್_ಕುಮಟಾ

ನಿಮ್ಮ ಭಯ ನ್ಯಾಯವಾದದ್ದೇ ಸರ್. ನೇರವಾಗಿ ಹೇಳುತ್ತೇನೆ. ಬರುತ್ತದೆ, ದಾಖಲೆ ಇದೆ. ಬ್ರೆಜಿಲ್‌ನಲ್ಲಿ 1980ರ ದಶಕದ ಮಕ್ಕಳ ಮಾದರಿಗಳಲ್ಲಿ ಜಿ5 (ಈ ಜಿ, ಪಿ ಸಂಖ್ಯೆಗಳ ಅರ್ಥ ಮುಂದೆ ಹೇಳುತ್ತೇನೆ) ಸಿಕ್ಕಿತು, ಅದು ಹಂದಿಗಳಲ್ಲಿ ಮಾಮೂಲಿಯಾಗಿ ಕಾಣುವ ಬಗೆ. ಬಾಂಗ್ಲಾದೇಶದ ಮಕ್ಕಳಲ್ಲಿ ಜಿ11 ಸಿಕ್ಕಿದೆ, ಅದೂ ಹಂದಿ ಕಡೆಯದ್ದೇ. ನಮ್ಮದೇ ಈಶಾನ್ಯ ಭಾರತದಲ್ಲಿ ಆರ್‌ಎಂಸಿ321 ಅನ್ನುವ ತಳಿ ಮನುಷ್ಯರಿಂದ ಸಿಕ್ಕಿತು. ಅದು ಜಿ9ಪಿ[19], ಅದರ ಹೆಚ್ಚಿನ ಜೀನ್‌ಗಳು ಹಂದಿಯ ವೈರಸ್ಸಿಗೆ ಹತ್ತಿರ ಅಂತ 2004ರಲ್ಲಿ ಪ್ರಕಟವಾಯಿತು.

ಆದರೆ ಇವನ್ನೆಲ್ಲ "ಹಂದಿಯದ್ದು" ಅಂತ ಹೇಳಿದ್ದು ಜೀನ್ ಓದಿದ ಮೇಲೆ. ಕಾರ್ಡ್ ನೋಡಿ ಯಾರೂ ಹೇಳಲಿಲ್ಲ. ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಅದೇ. ಸ್ವಲ್ಪ ತಾಳ್ಮೆಯಿಂದ ಓದಿ.

ರೋಟಾವೈರಸ್ಸಿನ ಜೀನೋಮ್, ಅಂದರೆ ಅದರ ಎಲ್ಲ ಜೀನ್‌ಗಳ ಗಂಟು, ಒಂದೇ ಉದ್ದ ಎಳೆಯಾಗಿ ಇರುವುದಿಲ್ಲ. 11 ತುಂಡುಗಳಾಗಿ ಇರುತ್ತದೆ. ಪ್ರತಿಯೊಂದೂ ಎರಡು ಎಳೆಯ ಆರ್‌ಎನ್‌ಎ. ಎಲ್ಲ ಸೇರಿ ಸುಮಾರು 18,500 ಅಕ್ಷರ ಜೋಡಿ. ನಾನು ಓದುವಾಗ ಇದನ್ನು ಕಣ್ಣಾರೆ ನೋಡಿದ್ದೇನೆ. ಮಲದಿಂದ ಆರ್‌ಎನ್‌ಎ ತೆಗೆದು ಜೆಲ್ ಮೇಲೆ ರಾತ್ರಿಯಿಡೀ ಓಡಿಸಿ, ಬೆಳಿಗ್ಗೆ ಬೆಳ್ಳಿಯ ಬಣ್ಣ ಹಾಕಿದರೆ ಕಂದು ಗೆರೆಗಳು ಒಂದೊಂದಾಗಿ ಮೇಲೇಳುತ್ತವೆ. ಮೇಲೆ ನಾಲ್ಕು, ಆಮೇಲೆ ಎರಡು, ಆಮೇಲೆ ಒತ್ತೊತ್ತಾಗಿ ಮೂರು, ಕೆಳಗೆ ಎರಡು. ಈ 4-2-3-2 ಕಂಡರೆ ಎ ಗುಂಪು ಅಂತ ಗೊತ್ತಾಗುತ್ತದೆ. ಸಿ ಗುಂಪಾದರೆ 4-3-2-2. ಮನುಷ್ಯರ ಡಿಎಸ್-1 ಅನ್ನುವ ಬಗೆಯಲ್ಲಿ ಹನ್ನೊಂದನೇ ತುಂಡು ಸ್ವಲ್ಪ ಉದ್ದ, ಅದಕ್ಕೇ ನಿಧಾನವಾಗಿ ಓಡಿ ಮೇಲೆ ನಿಲ್ಲುತ್ತದೆ, ಅಷ್ಟು ಬರಿಗಣ್ಣಿಗೇ ಗೊತ್ತಾಗುತ್ತದೆ. ಆದರೆ ಮನುಷ್ಯರ ವಾ ಅನ್ನುವ ಇನ್ನೊಂದು ಬಗೆಯದ್ದನ್ನೂ ಹಂದಿಯದ್ದನ್ನೂ ಅಕ್ಕಪಕ್ಕ ಓಡಿಸಿದರೆ ಎರಡೂ 4-2-3-2, ಎರಡರಲ್ಲೂ ಹನ್ನೊಂದನೇ ತುಂಡು ಕೆಳಗೇ ನಿಲ್ಲುತ್ತದೆ. ಗೆರೆ ಒಂದೆರಡು ಕೂದಲಷ್ಟು ಆಚೀಚೆ ಇರಬಹುದು, ಅದರ ಮೇಲೆ ಮನುಷ್ಯರದ್ದು, ಹಂದಿಯದ್ದು ಅಂತ ಹೇಳಲು ಬರುವುದಿಲ್ಲ. ಜೆಲ್ಲೂ ಸಾಲದು. ಅಕ್ಷರ ಅಕ್ಷರ ಓದಬೇಕು.

ತೋಟಿಗ_ಸಿದ್ದಾಪುರ

ತಂಗೀ, ಚೆನ್ನಾಗಿ ಹೇಳುತ್ತಿದ್ದೀಯ, ಮುಂದುವರಿಸು. ನಮ್ಮ ತಾಲ್ಲೂಕಿನವರಿಗೆ ಮಂಗನ ಕಾಯಿಲೆ ನೋಡಿ ನೋಡಿ ಪ್ರಾಣಿಯಿಂದ ಬರುವ ರೋಗ ಅಂದರೇನೇ ಎದೆ ಝಲ್ ಅನ್ನುತ್ತದೆ. ಇದೂ ಹಾಗೇನಾ?

ಮಕ್ಕಳ_ಡಾಕ್ಟರ್ (ಹೊನ್ನಾವರ)

ಇಲ್ಲ, ದಾರಿಯೇ ಬೇರೆ. ಮಂಗನ ಕಾಯಿಲೆ ಉಣ್ಣೆ ಹುಳದ ಕಡಿತದಿಂದ ಮನುಷ್ಯರಿಗೆ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ರೋಟಾ ಹರಡುವುದೇ ಮಗುವಿನಿಂದ ಮಗುವಿಗೆ. ಮಲದ ಒಂದು ಕಣ ಕೈಗೆ, ಆಟಿಕೆಗೆ, ನೀರಿಗೆ ಹತ್ತಿ ಬಾಯಿಗೆ ಹೋದರೆ ಸಾಕು. ಪ್ರಾಣಿಯಿಂದ ಬಂದ ತಳಿ ಹೆಚ್ಚಿನ ಸಲ ಒಂದು ಮಗುವಿನಲ್ಲೇ ನಿಂತುಹೋಗುತ್ತದೆ. ಒಬ್ಬರಿಂದ ಒಬ್ಬರಿಗೆ ಸರಾಗವಾಗಿ ಹರಡುವ ಗುಣ ಅದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಕೆಲವೊಮ್ಮೆ ಮಾತ್ರ ಅದರ ಒಂದೆರಡು ಜೀನ್ ಮನುಷ್ಯರ ವೈರಸ್ಸಿಗೆ ಸೇರಿಕೊಂಡು ಉಳಿದುಬಿಡುತ್ತವೆ.

ನಮ್ಮ ದೇಶದಲ್ಲಿ ಚಳಿಗಾಲದ ತಿಂಗಳುಗಳಲ್ಲಿ ರೋಟಾ ಜಾಸ್ತಿ. ಆರು ತಿಂಗಳಿಂದ ಎರಡು ವರ್ಷದ ಮಕ್ಕಳೇ ಹೆಚ್ಚು ಒದ್ದಾಡುವುದು. ಕಾರವಾರದ ಆ ಮಗುವಿನ ವಯಸ್ಸು ಸರಿಯಾಗಿ ಅದೇ. ಅಂಗನವಾಡಿಯಿಂದಲೋ, ಮದುವೆ ಮನೆಯಿಂದಲೋ, ಬಸ್ಸಿನಲ್ಲಿ ಪಕ್ಕ ಕೂತ ಮಗುವಿನಿಂದಲೋ ಬಂದಿರುವ ಸಾಧ್ಯತೆಯೇ ಹೆಚ್ಚು ಅಂತ ನನಗೆ ಅನ್ನಿಸುತ್ತದೆ.

ಲ್ಯಾಬ್_ಕುಮಟಾ

ಮುಂದುವರಿಸುತ್ತೇನೆ.

ಹಿಂದೆ ರೋಟಾಗೆ ಎರಡೇ ಅಕ್ಷರದ ಹೆಸರು ಇಡುತ್ತಿದ್ದರು. ಹೊರ ಪದರದ ವಿಪಿ7 ನೋಡಿ ಜಿ ಸಂಖ್ಯೆ, ಮುಳ್ಳಿನ ವಿಪಿ4 ನೋಡಿ ಪಿ ಸಂಖ್ಯೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಜಿ1ಪಿ[8], ಜಿ2ಪಿ[4], ಜಿ3ಪಿ[8], ಜಿ4ಪಿ[8], ಜಿ9ಪಿ[8], ಈಚೆಗೆ ಜಿ12. ಹಂದಿಗಳಲ್ಲಿ ಜಿ3, ಜಿ4, ಜಿ5, ಜಿ9, ಜಿ11, ಇವುಗಳ ಜೊತೆಗೆ ಪಿ[6], ಪಿ[7], ಪಿ[13], ಪಿ[19], ಪಿ[23]. ಎರಡೂ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಜಿ3, ಜಿ4, ಜಿ9 ಎರಡು ಕಡೆಯೂ ಇವೆ. ಪಿ[6] ಮಕ್ಕಳಲ್ಲೂ ಸಿಗುತ್ತದೆ. ಹಾಗಿದ್ದಾಗ ಒಂದು ಮಗುವಿನಲ್ಲಿ ಜಿ9 ಸಿಕ್ಕಿತು ಅಂದರೆ ಹಂದಿಯದ್ದು ಅನ್ನುತ್ತೀರಾ, ಮನುಷ್ಯರದ್ದು ಅನ್ನುತ್ತೀರಾ? ಜಿ9 1990ರ ದಶಕದ ನಡುವಿನಿಂದ ಪ್ರಪಂಚದಾದ್ಯಂತ ಮಕ್ಕಳಲ್ಲಿ ಹಬ್ಬಿ ಈಗ ಮಾಮೂಲಿ ಆಗಿಬಿಟ್ಟಿದೆ. ಜಿ12 ಮೊದಲು ಸಿಕ್ಕಿದ್ದು 1987ರಲ್ಲಿ ಫಿಲಿಪ್ಪೀನ್ಸ್‌ನ ಮಕ್ಕಳಲ್ಲಿ. ಆಮೇಲೆ ನಮ್ಮ ಪೂರ್ವ ಭಾರತದ ಹಂದಿಯೊಂದರಲ್ಲೂ ಸಿಕ್ಕಿತು, ಆ ತಳಿಯ ಹೆಸರು ಆರ್‌ಯು172.

2008ರಲ್ಲಿ ವಿಜ್ಞಾನಿಗಳು ಒಂದು ಹೊಸ ಪದ್ಧತಿ ತಂದರು. 11 ತುಂಡಿಗೂ ಒಂದೊಂದು ಅಕ್ಷರ, ಒಂದೊಂದು ಸಂಖ್ಯೆ. ಹೊರಗಿನ ಜಿ ಮತ್ತು ಪಿ ಬಿಟ್ಟರೆ ಒಳಗಿನ ಒಂಬತ್ತು ತುಂಡುಗಳು ಮನುಷ್ಯರ ವಾ ಬಗೆಯಲ್ಲಿ ಹೀಗಿರುತ್ತವೆ: ಐ1-ಆರ್1-ಸಿ1-ಎಂ1-ಎ1-ಎನ್1-ಟಿ1-ಇ1-ಎಚ್1. ಹಂದಿಯಲ್ಲಿ ಸಾಮಾನ್ಯವಾಗಿ ಐ5-ಆರ್1-ಸಿ1-ಎಂ1-ಎ8-ಎನ್1-ಟಿ1-ಇ1-ಎಚ್1, ಕೆಲವೊಮ್ಮೆ ಟಿ1 ಜಾಗದಲ್ಲಿ ಟಿ7.

ಇದನ್ನು ಮೊದಲ ಸಲ ನೋಡಿದಾಗ ನಾನು ಎಷ್ಟೋ ಹೊತ್ತು ಕೂತುಬಿಟ್ಟೆ. ಒಂಬತ್ತರಲ್ಲಿ ಆರು ಏಳು ತುಂಡು ಒಂದೇ ಜಾತಿ! ನಮ್ಮ ಮಕ್ಕಳ ಅತಿ ಸಾಮಾನ್ಯ ರೋಟಾ ಮತ್ತು ಹಂದಿಯ ರೋಟಾ ಒಂದೇ ಮೂಲದಿಂದ ಕವಲೊಡೆದ ದಾಯಾದಿಗಳು. ಡಿಎಸ್-1 ಬಗೆಯದ್ದು ದನದ ರೋಟಾ ಕಡೆಗೆ ಹತ್ತಿರ. ವ್ಯತ್ಯಾಸ ಎದ್ದು ಕಾಣುವುದು ವಿಪಿ6ರಲ್ಲಿ, ಅಂದರೆ ಐ ಜಾಗ, ಮತ್ತು ಎನ್‌ಎಸ್‌ಪಿ1 ಅನ್ನುವ ಇನ್ನೊಂದು ಪ್ರೋಟೀನಿನ ಜೀನಿನಲ್ಲಿ, ಅಂದರೆ ಎ ಜಾಗ.

ಕಾಳಿ_ದಂಡೆ (ಕಾರವಾರ)

ಒಂದು ನಿಮಿಷ ತಂಗಿ. ವಿಪಿ6 ಎಲ್ಲದರಲ್ಲೂ ಒಂದೇ ಥರ ಅಂತ ಮೊದಲು ಹೇಳಿದಿರಿ. ಈಗ ಅದರಲ್ಲೇ ವ್ಯತ್ಯಾಸ ಅನ್ನುತ್ತಿದ್ದೀರಿ.

ಲ್ಯಾಬ್_ಕುಮಟಾ

ಒಳ್ಳೆ ಪ್ರಶ್ನೆ ಅಕ್ಕಾ. ಎರಡೂ ನಿಜ. ಜೀನಿನ ಅಕ್ಷರಗಳಲ್ಲಿ ಶೇ. 15ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ವಿಪಿ6ಕ್ಕೆ ಬೇರೆ ಸಂಖ್ಯೆ ಕೊಡುತ್ತಾರೆ. ಆದರೆ ಜೀನಿನಲ್ಲಿ ಅಕ್ಷರ ಬದಲಾದಾಗೆಲ್ಲ ಪ್ರೋಟೀನ್ ಬದಲಾಗಬೇಕು ಅಂತಿಲ್ಲ, ಬೇರೆ ಬೇರೆ ಮೂರಕ್ಷರದ ಗುಂಪುಗಳು ಒಂದೇ ಅಮೈನೋ ಆಮ್ಲವನ್ನು ಕೊಡಬಲ್ಲವು. ಹಾಗಾಗಿ ಜೀನ್ ದೂರ ಇದ್ದರೂ ಪ್ರೋಟೀನ್ ಹತ್ತಿರವೇ ಇರುತ್ತದೆ. ಕಾರ್ಡ್ ಹಿಡಿಯುವುದು ಪ್ರೋಟೀನನ್ನು. ಅದಕ್ಕೇ ಅದಕ್ಕೆ ಐ1, ಐ5 ಎರಡೂ ಒಂದೇ.

ತೋಟಿಗ_ಸಿದ್ದಾಪುರ

ನನಗೆ ಅರ್ಥ ಆದದ್ದನ್ನು ಹೇಳುತ್ತೇನೆ, ಸರಿಯಾ ನೋಡು. ಎರಡು ಮೇಳದವರು ಒಂದೇ ಚೌಕಿಯಲ್ಲಿ ವೇಷ ಕಟ್ಟಿಕೊಂಡರು ಅಂತಿಟ್ಟುಕೊಳ್ಳೋಣ. ಗಡಿಬಿಡಿಯಲ್ಲಿ ಇವರ ಕಿರೀಟ ಅವರ ತಲೆಗೆ ಹೋಯಿತು, ಅವರ ಕವಚ ಇವರ ಮೈಮೇಲೆ ಬಂತು. ರಂಗಸ್ಥಳದಲ್ಲಿ ಕಿರೀಟ ಮಾತ್ರ ನೋಡಿದವನು ಇದು ಇಂಥ ಮೇಳ ಅಂತ ಹೇಳಿದರೆ ಆಯಿತಾ? ಒಳಗಿರುವ ಕಲಾವಿದ ಯಾರು ಅಂತ ನೋಡಬೇಕಲ್ವಾ? ಜಿ, ಪಿ ಅಂದರೆ ಆ ಕಿರೀಟ, ಕವಚ.

ಲ್ಯಾಬ್_ಕುಮಟಾ

ಮಾವಾ, ಸರಿಯಾಗಿ ಹಿಡಿದಿರಿ. ಒಂದೇ ಕರುಳಿನ ಜೀವಕೋಶಕ್ಕೆ ಎರಡು ಬೇರೆ ರೋಟಾ ಒಟ್ಟಿಗೆ ಹೊಕ್ಕರೆ ಹೊಸ ವೈರಸ್ಸಿಗೆ ತುಂಡುಗಳು ಎರಡು ಕಡೆಯಿಂದಲೂ ಬರಬಹುದು. ಲೆಕ್ಕಕ್ಕೆ 2ರ ಘಾತ 11, ಅಂದರೆ 2,048 ಬಗೆಯ ಜೋಡಣೆ. ಇವುಗಳಲ್ಲಿ ಹೆಚ್ಚಿನವು ಬದುಕಿ ಉಳಿಯುವುದಿಲ್ಲ, ತುಂಡುಗಳು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡಬೇಕಲ್ಲ.

ಇದರ ಜೊತೆಗೆ ಅಕ್ಷರ ತಪ್ಪುಗಳೂ ಸೇರುತ್ತಾ ಹೋಗುತ್ತವೆ. ರೋಟಾದ ನಕಲು ಮಾಡುವ ಪ್ರೋಟೀನಿಗೆ ತಪ್ಪು ತಿದ್ದುವ ವ್ಯವಸ್ಥೆ ಇಲ್ಲ. ವಿಪಿ7ರಲ್ಲಿ ವರ್ಷಕ್ಕೆ ಸಾವಿರ ಅಕ್ಷರಕ್ಕೆ ಒಂದೆರಡು ಬದಲಾಗುತ್ತವೆ. ಹೀಗೆ ವರ್ಷಗಟ್ಟಲೆ ಬೇರೆ ಬೇರೆ ಹೊಟ್ಟೆಗಳಲ್ಲಿ ಬೆಳೆದು ಮನುಷ್ಯರ ಆರ್1 ಒಂದು ಕವಲು, ಹಂದಿಯ ಆರ್1 ಇನ್ನೊಂದು ಕವಲು ಆಗಿದೆ. ಸಂಖ್ಯೆ ಒಂದೇ ಇದ್ದರೂ ವಂಶವೃಕ್ಷ ಬರೆದಾಗ ಕವಲು ಬೇರೆ ಕಾಣುತ್ತದೆ.

ಬಯೋಟೆಕ್_ಶಿರಸಿ

ಅಕ್ಕಾ, ನನಗೊಂದು ಅನುಮಾನ. ವಾ ತಳಿಯನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಮೊದಲು ಹಂದಿಮರಿಗಳಲ್ಲಿ ದಾಟಿಸಿದ್ದರು ಅಂತ ಓದಿದ್ದೆ. ಹಾಗಾದರೆ ಅದು ಹಂದಿ ವೈರಸ್ಸಿಗೆ ಹತ್ತಿರ ಇರುವುದರಲ್ಲಿ ಏನು ವಿಶೇಷ? ಹಂದಿಯ ಹೊಟ್ಟೆಯಲ್ಲೇ ಬದಲಾಗಿರಬಹುದಲ್ವಾ?

ಪಶುವೈದ್ಯ_ಹಳಿಯಾಳ

ಶಭಾಷ್, ಇಂಥ ಪ್ರಶ್ನೆ ಬರಬೇಕು. ಹೌದು, ವಾ 1974ರಲ್ಲಿ ಅಮೆರಿಕದ ಒಂದು ಮಗುವಿನಿಂದ ಬಂದದ್ದು. ಆಗ ಮನುಷ್ಯರ ರೋಟಾ ಪಾತ್ರೆಯಲ್ಲಿ ಬೆಳೆಯುತ್ತಲೇ ಇರಲಿಲ್ಲ. ಯಾವ ಸೂಕ್ಷ್ಮಜೀವಿಯೂ ತಗುಲದಂತೆ ಬೆಳೆಸಿದ ಹಂದಿಮರಿಗಳಲ್ಲಿ ಅದನ್ನು 11 ಸಲ ದಾಟಿಸಿದ ಮೇಲೆ ಕೋತಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಯಿತು. ಅದು ಪ್ರಕಟವಾದದ್ದು 1980ರಲ್ಲಿ.

ಆದರೆ 11 ದಾಟುಗಳಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗಬಹುದೇ ಹೊರತು ಆರು ಏಳು ಜೀನಿನ ಜಾತಿಯೇ ಬದಲಾಗುವುದಿಲ್ಲ. ಇನ್ನೂ ಗಟ್ಟಿ ಕಾರಣ ಬೇಕಾದರೆ, ಹಂದಿಯ ಸಂಪರ್ಕವೇ ಇಲ್ಲದೆ ನೇರ ಮಕ್ಕಳ ಮಲದಿಂದ ಓದಿದ ಜಿ1ಪಿ[8], ಜಿ3ಪಿ[8], ಜಿ9ಪಿ[8] ತಳಿಗಳು ಜಪಾನ್‌ನಿಂದ ಆಫ್ರಿಕಾದವರೆಗೆ ಎಲ್ಲ ಕಡೆ ಅದೇ 1-1-1 ಸಾಲನ್ನೇ ತೋರಿಸುತ್ತವೆ. ಹತ್ತಿರದ ಸಂಬಂಧ ಹಳೆಯದು, ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ.

ಆ ಮರಿಗಳ ವಿಷಯ ಇನ್ನೂ ಇದೆ. ಅಮೆರಿಕದ ಓಹಾಯೋದಲ್ಲಿ ಲಿಂಡಾ ಸೈಫ್ ಅವರ ತಂಡ ಇಂಥ ಮರಿಗಳಿಗೆ ಮನುಷ್ಯರ ವಾ ವೈರಸ್ ಕುಡಿಸಿ ವರ್ಷಗಟ್ಟಲೆ ಅಧ್ಯಯನ ಮಾಡಿದೆ. ಮರಿಗಳಿಗೆ ಭೇದಿ ಆಗುತ್ತದೆ, ರೋಗನಿರೋಧಕ ಶಕ್ತಿಯೂ ಬರುತ್ತದೆ. ಹಾಗಾಗಿ ದಾರಿ ಎರಡು ಕಡೆಗೂ ತೆರೆದಿದೆ ಅನ್ನುವುದನ್ನು ಎಲ್ಲರೂ ಗಮನಿಸಿ. ಮಗುವಿನಿಂದ ಹಂದಿಗೂ ಹೋಗಬಹುದು. ನಾವು ಮಾತ್ರ ಯಾವಾಗಲೂ ಪ್ರಾಣಿಯ ಕಡೆಗೇ ಬೆರಳು ತೋರಿಸುತ್ತೇವೆ.

ಹಬ್ಬುವಾಡ_ನಿವಾಸಿ

ಸರಿ, ಒಪ್ಪಿದೆ. ಇಷ್ಟು ಹತ್ತಿರದ ನೆಂಟರು ಅಂದಮೇಲೆ ದಿನಾ ಯಾಕೆ ದಾಟುವುದಿಲ್ಲ? ತಡೆಯುವುದು ಏನು?

ಲ್ಯಾಬ್_ಕುಮಟಾ

ಒಂದೇ ಒಂದು ಬಾಗಿಲು ಅಂತ ಇಲ್ಲ ಸರ್. ಎರಡು ಹೇಳುತ್ತೇನೆ.

ಮೊದಲನೆಯದು ಅಂಟಿಕೊಳ್ಳುವುದು. ವಿಪಿ4ರ ತುದಿಯಲ್ಲಿ ವಿಪಿ8 ಅನ್ನುವ ಭಾಗ ಇದೆ. ಅದು ಕರುಳಿನ ಜೀವಕೋಶದ ಮೇಲಿನ ಸಕ್ಕರೆ ಸರಪಳಿಗಳನ್ನು ಹಿಡಿದುಕೊಳ್ಳುತ್ತದೆ. ಹಂದಿಯ ಓಎಸ್‌ಯು ತಳಿ, ಅಂದರೆ ಪಿ[7], ಸಯಾಲಿಕ್ ಆಮ್ಲ ಅನ್ನುವ ಸಕ್ಕರೆಯನ್ನು ಹುಡುಕುತ್ತದೆ. ಜೀವಕೋಶದಿಂದ ಅದನ್ನು ಕತ್ತರಿಸಿ ತೆಗೆದರೆ ಆ ವೈರಸ್ಸಿಗೆ ಅಂಟಲು ಆಗುವುದಿಲ್ಲ. ಮನುಷ್ಯರ ಪಿ[8] ನಮ್ಮ ರಕ್ತಗುಂಪಿಗೆ ಸಂಬಂಧಪಟ್ಟ ಸಕ್ಕರೆಗಳನ್ನು ಹಿಡಿಯುತ್ತದೆ. ಆ ಸಕ್ಕರೆಯನ್ನು ಕರುಳಿನಲ್ಲಿ ಸ್ರವಿಸದ ಜನ ಇದ್ದಾರೆ, ಅಂಥ ಮಕ್ಕಳಿಗೆ ಪಿ[8] ರೋಟಾ ಕಡಿಮೆ ತಗುಲುತ್ತದೆ. ಈಗ ಒಂದು ವಿಷಯ ನೋಡಿ, ಪಿ[4], ಪಿ[6], ಪಿ[8], ಪಿ[19] ನಾಲ್ಕೂ ಒಂದೇ ದೊಡ್ಡ ಬಳಗಕ್ಕೆ ಸೇರಿದವು. ಇವುಗಳಲ್ಲಿ ಪಿ[19] ಹೆಚ್ಚಾಗಿ ಹಂದಿಯಲ್ಲಿ, ಪಿ[6] ಎರಡು ಕಡೆಯೂ. ಹಂದಿಯಿಂದ ಮಗುವಿಗೆ ದಾಟಿದ ತಳಿಗಳಲ್ಲಿ ಪಿ[6], ಪಿ[19] ಪದೇ ಪದೇ ಕಾಣುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ಎರಡನೆಯದು ಒಳಗೆ ಹೋದಮೇಲೆ ಬದುಕುವುದು. ನಮ್ಮ ಜೀವಕೋಶ ವೈರಸ್ ಕಂಡ ಕೂಡಲೇ ಇಂಟರ್‌ಫೆರಾನ್ ಬಿಡುಗಡೆ ಮಾಡಿ ಅಕ್ಕಪಕ್ಕದ ಜೀವಕೋಶಗಳನ್ನು ಎಚ್ಚರಿಸುತ್ತದೆ. ಅದನ್ನು ಅಡಗಿಸುವ ಕೆಲಸ ಎನ್‌ಎಸ್‌ಪಿ1ರದ್ದು. 11 ತುಂಡುಗಳಲ್ಲಿ ಪ್ರಾಣಿಯಿಂದ ಪ್ರಾಣಿಗೆ ತುಂಬಾ ಬದಲಾಗಿರುವ ಜೀನ್‌ಗಳಲ್ಲಿ ಇದೂ ಒಂದು. ಅದು ಆಶ್ಚರ್ಯವೂ ಅಲ್ಲ, ಯಾವ ಪ್ರಾಣಿಯ ರಕ್ಷಣೆಯನ್ನು ಮುರಿಯಬೇಕೋ ಅದಕ್ಕೆ ತಕ್ಕ ಹಾಗೆ ಅದು ಬೆಳೆದಿರುತ್ತದೆ. ಮನುಷ್ಯರಲ್ಲಿ ಎ1, ಹಂದಿಯಲ್ಲಿ ಎ8 ಅಂತ ಮೇಲೆ ಬರೆದೆನಲ್ಲ, ಅದು ಇದೇ ಜೀನ್.

ಆಶಾ_ಅಂಕೋಲಾ

ನಮಸ್ತೆ. ನಾನು ಆಶಾ ಕಾರ್ಯಕರ್ತೆ. ಇದನ್ನೆಲ್ಲ ಓದಿ ಖುಷಿಯಾಯಿತು, ಆದರೆ ಮನೆ ಮನೆಗೆ ಹೋದಾಗ ಜನ ಕೇಳುವುದು ಬೇರೆ. ರೋಟಾ ಹನಿಯಲ್ಲಿ ಪ್ರಾಣಿಯ ವೈರಸ್ ಇದೆಯಂತೆ, ಹಂದಿಯದ್ದಾ, ದನದ್ದಾ ಅಂತ ಕೇಳುತ್ತಾರೆ. ಕೆಲವು ತಾಯಂದಿರು ಬೇಡ ಅಂತ ವಾಪಸ್ ಕಳಿಸುತ್ತಾರೆ. ಏನು ಹೇಳಲಿ?

ಮಕ್ಕಳ_ಡಾಕ್ಟರ್ (ಹೊನ್ನಾವರ)

ಅಕ್ಕಾ, ಮುಚ್ಚುಮರೆ ಇಲ್ಲದೆ ಇದ್ದದ್ದು ಇದ್ದ ಹಾಗೆ ಹೇಳಿ. ಸರ್ಕಾರಿ ಕಾರ್ಯಕ್ರಮದಲ್ಲಿ ಎರಡು ಲಸಿಕೆ ಬಳಸಿದ್ದಾರೆ. ರೋಟಾವ್ಯಾಕ್ ಹುಟ್ಟಿದ್ದು 116ಇ ತಳಿಯಿಂದ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ನವಜಾತ ಶಿಶುಗಳಲ್ಲಿ ಸಿಕ್ಕ ವೈರಸ್ ಅದು. ಶಿಶುಗಳಿಗೆ ಭೇದಿಯೇ ಆಗಿರಲಿಲ್ಲ, ಆದರೂ ಮಲದಲ್ಲಿ ರೋಟಾ ಇತ್ತು. ಅದರ 11 ಜೀನ್‌ಗಳಲ್ಲಿ 10 ಮನುಷ್ಯರ ರೋಟಾದ್ದು, ವಿಪಿ4 ಒಂದು ದನದ ರೋಟಾ ಮೂಲದ್ದು. ಆ ಅದಲುಬದಲು ಯಾರೂ ಮಾಡಿದ್ದಲ್ಲ, ತಾನಾಗಿ ಆದದ್ದು. ಇನ್ನೊಂದು ರೋಟಾಸಿಲ್, ಅದು ದನದ ರೋಟಾಕ್ಕೆ ಮನುಷ್ಯರ ಜಿ1, ಜಿ2, ಜಿ3, ಜಿ4, ಜಿ9 ಸೇರಿಸಿ ಮಾಡಿದ್ದು. ಎರಡರ ತಳಿಯೂ ಹಂದಿಯದ್ದಲ್ಲ. ಎರಡರಲ್ಲೂ ಇರುವುದು ಮಗುವಿಗೆ ಕಾಯಿಲೆ ತರದಷ್ಟು ಸೌಮ್ಯವಾದ ವೈರಸ್.

ನಮ್ಮ ರಾಜ್ಯದ್ದೇ ಒಂದು ಕಥೆ ಇದೆ. ಬೆಂಗಳೂರಿನ ನವಜಾತ ಶಿಶುಗಳಲ್ಲಿ ಐ321 ಅನ್ನುವ ತಳಿ ಸಿಕ್ಕಿತ್ತು, ಭಾರತೀಯ ವಿಜ್ಞಾನ ಸಂಸ್ಥೆಯವರು ಅದನ್ನು ಓದಿದರು. ಅದು ಜಿ10ಪಿ[11]. 11ರಲ್ಲಿ 9 ಜೀನ್ ದನದ ಕಡೆಯದ್ದು, ಎನ್‌ಎಸ್‌ಪಿ1 ಮತ್ತು ಎನ್‌ಎಸ್‌ಪಿ3 ಎರಡು ಮಾತ್ರ ಮನುಷ್ಯರದ್ದು. ಆ ಶಿಶುಗಳಿಗೂ ಭೇದಿ ಇರಲಿಲ್ಲ. ಮೇಲೆ ಎನ್‌ಎಸ್‌ಪಿ1 ಬಗ್ಗೆ ಹೇಳಿದ್ದನ್ನು ಇದರ ಜೊತೆ ಇಟ್ಟು ನೋಡಿ. ಬಹುತೇಕ ದನದ ವೈರಸ್ಸೇ ಆದರೂ ಮನುಷ್ಯರ ಹೊಟ್ಟೆಯಲ್ಲಿ ಉಳಿಯಲು ಮನುಷ್ಯರ ಎನ್‌ಎಸ್‌ಪಿ1 ಇಟ್ಟುಕೊಂಡಿದೆ.

ತಾಯಂದಿರಿಗೆ ಹೇಳಬೇಕಾದದ್ದು ಇಷ್ಟು. ಆರು, ಹತ್ತು, ಹದಿನಾಲ್ಕನೇ ವಾರ, ಮೂರೂ ಸಲ ತಪ್ಪಿಸಬೇಡಿ. ರೋಟಾವ್ಯಾಕ್ ತೀವ್ರ ರೋಟಾ ಭೇದಿಯನ್ನು ಶೇ. 50ಕ್ಕಿಂತ ಸ್ವಲ್ಪ ಜಾಸ್ತಿ ತಡೆಯುತ್ತದೆ ಅಂತ ನಮ್ಮ ದೇಶದ ಪರೀಕ್ಷೆಯಲ್ಲೇ ಕಂಡಿದೆ. ಕಡಿಮೆ ಅನ್ನಿಸಬಹುದು. ಲಸಿಕೆ ಬರುವ ಮೊದಲು ದೇಶದಲ್ಲಿ ವರ್ಷಕ್ಕೆ ಸುಮಾರು 78,000 ಮಕ್ಕಳು ರೋಟಾದಿಂದ ಸಾಯುತ್ತಿದ್ದರು ಅಂತ ಅಂದಾಜು. ಅದರ ಅರ್ಧ ಅಂದರೆ ಎಷ್ಟು ಮನೆಗಳು ಯೋಚಿಸಿ. ಲಸಿಕೆಯಲ್ಲಿ ಇಲ್ಲದ ಜಿ, ಪಿ ಬಗೆಗಳಿಂದಲೂ ಒಂದಷ್ಟು ರಕ್ಷಣೆ ಸಿಗುತ್ತದೆ.

ಭೇದಿ ಶುರುವಾದರೆ ಓಆರ್‌ಎಸ್, ಜೊತೆಗೆ 14 ದಿನ ಜಿಂಕ್. ಎದೆಹಾಲು ನಿಲ್ಲಿಸಬೇಡಿ. ಆಂಟಿಬಯಾಟಿಕ್ ಕೇಳಬೇಡಿ, ವೈರಸ್ಸಿಗೆ ಅದು ಮುಟ್ಟುವುದಿಲ್ಲ. ಮಗು ಮಂಕಾಗಿ ಮೂತ್ರ ಮಾಡದೇ ಇದ್ದರೆ, ಕಣ್ಣು ಒಳಗೆ ಹೋಗಿದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ಆಶಾ_ಅಂಕೋಲಾ

ದೊಡ್ಡ ಉಪಕಾರ ಆಯಿತು ಡಾಕ್ಟ್ರೇ. "ರೋಟಾವ್ಯಾಕ್‌ನಲ್ಲಿ 10 ಜೀನ್ ನಮ್ಮದು, ಒಂದು ದನದ್ದು, ಹಂದಿಯದ್ದು ಇಲ್ಲ" ಅಂತ ಹೇಳಿದರೆ ನಮ್ಮ ಕಡೆ ಅರ್ಥ ಆಗುತ್ತದೆ.

ತೋಟಿಗ_ಸಿದ್ದಾಪುರ

ಕಾಡುಹಂದಿ ಕಥೆ ಏನು? ನಮ್ಮ ತೋಟಕ್ಕೆ ರಾತ್ರಿ ನುಗ್ಗಿ ಬಾಳೆ ಬುಡ ಅಗೆದು ಹಾಕುತ್ತವೆ, ಹಳ್ಳದಲ್ಲಿ ಹೊರಳಾಡುತ್ತವೆ. ಅದೇ ಹಳ್ಳದ ನೀರು ಪೈಪಿನಲ್ಲಿ ನಮ್ಮ ಮನೆಗೆ ಬರುತ್ತದೆ.

ಪಶುವೈದ್ಯ_ಹಳಿಯಾಳ

ಜಪಾನ್‌ನಲ್ಲಿ ಕಾಡುಹಂದಿಗಳಲ್ಲೂ ಎ ಗುಂಪಿನ ರೋಟಾ ಸಿಕ್ಕಿದೆ. ಹಾಗಾಗಿ ಇರಬಹುದು ಅಂತಲೇ ಇಟ್ಟುಕೊಳ್ಳಿ. ಹಳ್ಳದ ನೀರಿನಲ್ಲಿ ರೋಟಾಕ್ಕಿಂತ ಬೇರೆ ಅಪಾಯಗಳೇ ಜಾಸ್ತಿ. ಮಕ್ಕಳಿಗೆ ಕುದಿಸಿ ಆರಿಸಿದ ನೀರು ಕೊಡಿ ಭಾವ, ಎಲ್ಲದಕ್ಕೂ ಅದೊಂದೇ ಉತ್ತರ.

ಕಾರವಾರದ ತಂಗಿಗೆ ಒಂದು ಮಾತು. ಗೂಡು ತೆಗೆಯಬೇಕಾಗಿಲ್ಲ, ಆದರೆ ಕೆಲವು ಕೆಲಸ ಇವತ್ತೇ ಮಾಡಿ. ಭೇದಿ ಆಗುತ್ತಿರುವ ಮರಿಗಳನ್ನು ಬೇರೆ ಇಡಿ. ಗೂಡು ತೊಳೆದ ನೀರು ಬಾವಿ ಕಡೆಗೂ ಪಕ್ಕದ ಮನೆ ಅಂಗಳಕ್ಕೂ ಹೋಗದ ಹಾಗೆ ಗುಂಡಿ ತೋಡಿಸಿ. ಮೊದಲು ಸಗಣಿ ಪೂರ್ತಿ ತೆಗೆದು ಸೋಪು ನೀರಲ್ಲಿ ಉಜ್ಜಿ, ಆಮೇಲೆ ಬ್ಲೀಚಿಂಗ್ ಪೌಡರ್ ಹಾಕಿ, ಸಗಣಿ ಮೇಲೇ ಬ್ಲೀಚಿಂಗ್ ಚೆಲ್ಲಿದರೆ ಏನೂ ಉಪಯೋಗ ಇಲ್ಲ. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇಲ್ಲ, ಹಾಗಾಗಿ ಹೊರಗೆ ಜಾಸ್ತಿ ದಿನ ತಾಳುತ್ತದೆ. ಗೂಡಿನ ಚಪ್ಪಲಿ ಗೂಡಿಗೆ, ಮನೆಯದ್ದು ಮನೆಗೆ. ಸಣ್ಣ ಮಕ್ಕಳನ್ನು ಮರಿ ತೋರಿಸಲು ಎತ್ತಿಕೊಂಡು ಹೋಗಬೇಡಿ. ಇಷ್ಟು ಮಾಡಿ ಪಕ್ಕದವರನ್ನೂ ಕರೆದು ತೋರಿಸಿ.

ಹಬ್ಬುವಾಡ_ನಿವಾಸಿ

ಇದು ಸರಿಯಾದ ಮಾತು. ತೊಳೆದ ನೀರು ಹೊರಗೆ ಬಾರದಿದ್ದರೆ ನನ್ನ ತಕರಾರೂ ಇಲ್ಲ.

ಕಾಳಿ_ದಂಡೆ (ಕಾರವಾರ)

ಎಲ್ಲರಿಗೂ ಮನಸಾರೆ ಧನ್ಯವಾದ. ಗುಂಡಿ ಕೆಲಸಕ್ಕೆ ಆಳು ಹೇಳಿದ್ದೇನೆ. ಇನ್ನೊಂದು ಕೇಳುತ್ತೇನೆ. ಮರಿಯ ಮಾದರಿ ಇನ್ನೂ ಪಶುವೈದ್ಯರ ಹತ್ತಿರ ಫ್ರಿಜ್‌ನಲ್ಲಿ ಇದೆಯಂತೆ. ಮಗುವಿನದ್ದು ಆಸ್ಪತ್ರೆ ಲ್ಯಾಬಿನಲ್ಲಿ ಇದ್ದರೂ ಇರಬಹುದು. ಎರಡನ್ನೂ ಓದಿಸಲು ಆಗುತ್ತದಾ?

ಲ್ಯಾಬ್_ಕುಮಟಾ

ಆಗುತ್ತದೆ, ಕೇಳಿ ನೋಡಿ. ಎರಡನ್ನೂ ಇವತ್ತೇ ಫ್ರೀಜರಿಗೆ ಹಾಕಲು ಹೇಳಿ. ಬರೀ ಫ್ರಿಜ್ ಸಾಲದು. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇದ್ದರೆ ನಡೆಯುತ್ತದೆ, 80 ಕೆಳಗೆ ಇದ್ದರೆ ಇನ್ನೂ ಒಳ್ಳೆಯದು. ಪದೇ ಪದೇ ಕರಗಿಸಿ ಗಟ್ಟಿ ಮಾಡಬಾರದು. ಮಕ್ಕಳ ರೋಟಾ ತಳಿಗಳನ್ನು ದೇಶದಲ್ಲಿ 2005ರಿಂದ ಆಸ್ಪತ್ರೆಗಳ ಜಾಲ ಮಾಡಿ ಗಮನಿಸುತ್ತಾ ಬಂದಿದ್ದಾರೆ, ವೆಲ್ಲೂರಿನ ಸಿಎಂಸಿ ಅದರಲ್ಲಿ ಮುಖ್ಯ. ಪ್ರಾಣಿಗಳ ಮಾದರಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಸಂಸ್ಥೆ ಇದೆ. ಪಶುವೈದ್ಯರು, ಮಕ್ಕಳ ಡಾಕ್ಟರು ಇಬ್ಬರೂ ಒಟ್ಟಿಗೆ ಪತ್ರ ಬರೆದರೆ ತೂಕ ಜಾಸ್ತಿ. ಒಂದೇ ಮನೆಯ ಜೋಡಿ ಮಾದರಿ ಸಿಗುವುದೇ ಅಪರೂಪ. ಮಗುವಿನದ್ದು ಒಂದು ಕಡೆ, ಹಂದಿಯದ್ದು ಇನ್ನೊಂದು ಕಡೆ ಓದಿ, ಎರಡು ಫೈಲು ಎಂದೂ ಒಂದೇ ಮೇಜಿಗೆ ಬಾರದೇ ಹೋಗುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಬಯೋಟೆಕ್_ಶಿರಸಿ

ಅಕ್ಕಾ, ಓದಿದ ಮೇಲೆ ಹೋಲಿಸುವುದು ಹೇಗೆ? ನನ್ನ ಪ್ರಾಜೆಕ್ಟಿಗೆ ಇದನ್ನೇ ತೆಗೆದುಕೊಳ್ಳಬೇಕು ಅಂತಿದ್ದೇನೆ. ಎಲ್ಲರೂ ಓದಿದ ಜೀನ್‌ಗಳನ್ನು ಸೇರಿಸಿಡುವ ಜೆನ್‌ಬ್ಯಾಂಕ್‌ನಲ್ಲಿ ಇರುವ ಸೀಕ್ವೆನ್ಸುಗಳ ಜೊತೆ ಬ್ಲಾಸ್ಟ್ (ಹತ್ತಿರದ್ದನ್ನು ಹುಡುಕಿಕೊಡುವ ಕಂಪ್ಯೂಟರ್ ಹೋಲಿಕೆ) ಮಾಡಿದರೆ ಸಾಕಾ?

ಲ್ಯಾಬ್_ಕುಮಟಾ

ಬ್ಲಾಸ್ಟ್‌ನಲ್ಲಿ ಮೊದಲು ಬಂದ ಹೆಸರು ನೋಡಿ ಮುಗಿಸಬೇಡ ತಮ್ಮಾ. ಜೆನ್‌ಬ್ಯಾಂಕಿನಲ್ಲಿ ಮನುಷ್ಯರ ರೋಟಾ ರಾಶಿ ಬಿದ್ದಿದೆ, ಹಂದಿಯದ್ದು ಅದಕ್ಕೆ ಹೋಲಿಸಿದರೆ ಕಡಿಮೆ. ಹಾಗಾಗಿ ಹತ್ತಿರದ ಹಂದಿ ತಳಿಯನ್ನು ಯಾರೂ ಓದಿಯೇ ಇರದಿದ್ದರೆ ನಿನಗೆ ಮನುಷ್ಯರದ್ದೇ ಮೇಲೆ ಕಾಣುತ್ತದೆ. 11 ತುಂಡನ್ನೂ ಬೇರೆ ಬೇರೆ ತೆಗೆದುಕೋ. ಪ್ರತಿಯೊಂದಕ್ಕೂ ಮನುಷ್ಯರ, ಹಂದಿಯ, ದನದ ತಳಿಗಳನ್ನು ಸೇರಿಸಿ ವಂಶವೃಕ್ಷ ಬರಿ. ಒಂದೇ ಸಂಖ್ಯೆ ಕೊಡಲು ಬೇಕಾದ ಹೋಲಿಕೆಯ ಗಡಿ ಒಂದೊಂದು ಜೀನಿಗೂ ಬೇರೆ: ವಿಪಿ7 ಮತ್ತು ವಿಪಿ4ಕ್ಕೆ ಶೇ. 80, ವಿಪಿ6ಕ್ಕೆ ಶೇ. 85, ಎನ್‌ಎಸ್‌ಪಿ1ಕ್ಕೆ ಶೇ. 79, ಎನ್‌ಎಸ್‌ಪಿ5ಕ್ಕೆ ಶೇ. 91.

ಆಮೇಲೆ ನೋಡು. ಒಳಗೆ ಎಲ್ಲ ಮನುಷ್ಯರ ಕವಲು, ವಿಪಿ7 ಒಂದು ಮಾತ್ರ ಹಂದಿ ಕವಲು ಅಂದರೆ ಆ ಅದಲುಬದಲು ಎಂದೋ ಎಲ್ಲೋ ಆಗಿ ಈಗ ಮಕ್ಕಳಲ್ಲೇ ಓಡಾಡುತ್ತಿರುವ ತಳಿ ಇರಬಹುದು, ಅದನ್ನು ಪಕ್ಕದ ಗೂಡಿನ ತಲೆಗೆ ಕಟ್ಟಬೇಡ. 11ಕ್ಕೆ 11 ಹಂದಿ ಕವಲಿನಲ್ಲಿದ್ದು, ಅದೇ ಮನೆಯ ಮರಿಯ ವೈರಸ್ಸಿಗೆ ಅಕ್ಷರ ಅಕ್ಷರ ಹೊಂದಿದರೆ ಮಾತ್ರ ಎರಡೂ ಒಂದೇ ವೈರಸ್ ಅಂತ ಬರಿ. ಆಗಲೂ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಅನ್ನುವುದಕ್ಕೆ ಯಾರಿಗೆ ಯಾವ ದಿನ ಶುರುವಾಯಿತು ಅಂತ ಬರೆದಿಟ್ಟ ದಾಖಲೆ ಬೇಕು.

ಮೊದಲು ವಿಪಿ6, ಎನ್‌ಎಸ್‌ಪಿ1 ಎರಡರಿಂದ ಶುರು ಮಾಡು. ಅಲ್ಲಿ ಐ5, ಎ8 ಕಂಡರೆ ಉಳಿದ ಒಂಬತ್ತನ್ನು ಬಿಡದೆ ಓದು, ಐ1, ಎ1 ಕಂಡರೂ ಬಿಡದೆ ಓದು. ಫೈಲುಗಳನ್ನು ನನಗೆ ಕಳಿಸು, ಕೂತು ನೋಡೋಣ.